ಜಲ್ಲಿ ಲೆಕ್ಕ ಬಚ್ಚಿಡದ ಮೆಕಾಡಮ್

ಹೈವೇ ಎಂಜಿನಿಯರಿಂಗ್ ಓದಿದವರಿಗೆಲ್ಲ ಡಬ್ಲ್ಯೂಬಿಎಂ ಗೊತ್ತು. ವಾಟರ್ ಬೌಂಡ್ ಮೆಕಾಡಮ್. ಪರೀಕ್ಷೆಯಲ್ಲಿ ಪದರಗಳ ಚಿತ್ರ ಬರೀತೀವಿ, ಮಾರ್ಕ್ಸ್ ತಗೊಂಡು ಮುಂದೆ ಹೋಗ್ತೀವಿ. ಆ ಕೊನೆಯ ಪದ ಒಬ್ಬ ಮನುಷ್ಯನ ಹೆಸರು ಅನ್ನೋದು ಎಷ್ಟೋ ಜನಕ್ಕೆ ಹೊಳೆಯೋದೇ ಇಲ್ಲ. ಪ್ರಾಜೆಕ್ಟ್‌ಗೆ ಪೇಪರ್ ಹುಡುಕುವಾಗ ಅಬ್ಸ್ಟ್ರಾಕ್ಟ್ ಮಾತ್ರ ತೋರಿಸಿ ಮಿಕ್ಕಿದ್ದಕ್ಕೆ ದುಡ್ಡು ಕೇಳುವ ಈ ಕಾಲದಲ್ಲಿ, ಆ ಮನುಷ್ಯನ ಕಥೆ ನಾವು ಕೇಳಲೇಬೇಕು.

ಜಾನ್ ಲೌಡನ್ ಮೆಕಾಡಮ್ ಹುಟ್ಟಿದ್ದು 1756ರಲ್ಲಿ, ಸ್ಕಾಟ್ಲೆಂಡಿನ ಏರ್ ಊರಿನಲ್ಲಿ. 1770ರಲ್ಲಿ ತಂದೆ ತೀರಿಕೊಂಡರು. ಹದಿನಾಲ್ಕರ ಹುಡುಗನನ್ನು ನ್ಯೂಯಾರ್ಕಿನಲ್ಲಿ ವ್ಯಾಪಾರಿಯಾಗಿದ್ದ ಚಿಕ್ಕಪ್ಪನ ಮನೆಗೆ ಕಳಿಸಿದರು. ಅಲ್ಲಿ ವ್ಯಾಪಾರ ಕಲಿತ, ಚೆನ್ನಾಗಿ ಸಂಪಾದಿಸಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪರ ನಿಂತಿದ್ದವನಿಗೆ ಯುದ್ಧ ಮುಗಿದ ಮೇಲೆ ಅಲ್ಲಿ ಜಾಗ ಇರಲಿಲ್ಲ. 1783ರಲ್ಲಿ ಹುಟ್ಟೂರ ಕಡೆ ವಾಪಸ್ ಬಂದು ಜಮೀನು ಕೊಂಡ, ಅಲ್ಲಿನ ಟೋಲ್ ರಸ್ತೆಗಳ ಟ್ರಸ್ಟಿಯಾದ. ಎಂಜಿನಿಯರಿಂಗ್ ಪದವಿ ಗಿದವಿ ಏನೂ ಇಲ್ಲ, ನೋಡಿ. ರಸ್ತೆ ಯಾಕೆ ಹಾಳಾಗುತ್ತೆ ಅನ್ನೋ ಒಂದು ಪ್ರಶ್ನೆ ಮಾತ್ರ ತಲೆಗೆ ಹೊಕ್ಕಿತ್ತು.

ಆ ಪ್ರಶ್ನೆ ಹಿಡಿದುಕೊಂಡು ಆತ ವರ್ಷಗಟ್ಟಲೆ ಸ್ವಂತ ಖರ್ಚಿನಲ್ಲಿ ಬ್ರಿಟನ್ನಿನ ರಸ್ತೆಗಳನ್ನು ಸುತ್ತಿದ. ಸಾವಿರಾರು ಮೈಲಿ ತಿರುಗಿದ, ಸಾವಿರಾರು ಪೌಂಡ್ ಕಳೆದ. ಕಂಡುಕೊಂಡಿದ್ದು ಕೇಳೋಕೆ ತುಂಬಾ ಸರಳ. ಗಾಡಿಯ ಭಾರ ಹೊರುವುದು ಕಲ್ಲಲ್ಲ, ಕೆಳಗಿನ ಮಣ್ಣು. ಮಣ್ಣು ಒಣಗಿದ್ದರೆ ಎಷ್ಟು ಭಾರ ಬೇಕಾದರೂ ತಡೆಯುತ್ತೆ, ನೆನೆದರೆ ಕುಸಿಯುತ್ತೆ. ಹಾಗಾಗಿ ರಸ್ತೆಯನ್ನು ಅಕ್ಕಪಕ್ಕದ ನೆಲಕ್ಕಿಂತ ಎತ್ತರಿಸಬೇಕು, ನೀರು ಹರಿದುಹೋಗಲು ದಾರಿ ಮಾಡಬೇಕು, ಮೇಲೆ ಒಡೆದ ಜಲ್ಲಿಯನ್ನು ನೀರು ಇಳಿಯದ ಸೂರಿನ ಹಾಗೆ ಹಾಸಬೇಕು. ಇವತ್ತು ನಾವು ಸಬ್‌ಗ್ರೇಡ್, ಡ್ರೈನೇಜ್ ಅಂತ ಓದೋದು ಇದನ್ನೇ ಅಲ್ವಾ?

ಆಗಿನ ದೊಡ್ಡ ಎಂಜಿನಿಯರ್ ಥಾಮಸ್ ಟೆಲ್ಫೋರ್ಡ್ ಅಡಿಪಾಯಕ್ಕೆ ದಪ್ಪ ಕಲ್ಲುಗಳನ್ನು ಜೋಡಿಸುತ್ತಿದ್ದ. ರಸ್ತೆ ಗಟ್ಟಿ, ಖರ್ಚೂ ಜಾಸ್ತಿ. ಮೆಕಾಡಮ್ ಆ ದಪ್ಪ ಕಲ್ಲೇ ಬೇಡ ಅಂದ. ಸುಮಾರು ಹತ್ತು ಇಂಚು ಜಲ್ಲಿ ಸಾಕು, ಆದರೆ ಯಾವ ಕಲ್ಲೂ ಆರು ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದು. ಮೇಲ್ವಿಚಾರಕರ ಜೇಬಿನಲ್ಲಿ ಪುಟ್ಟ ತಕ್ಕಡಿ ಇರಬೇಕು ಅನ್ನುವಷ್ಟು ಕಟ್ಟುನಿಟ್ಟು. ಕಲ್ಲು ಒಡೆಯೋಕೆ ಕೂತವರಲ್ಲಿ ಬಡ ಮುದುಕರು, ಹೆಂಗಸರು, ಮಕ್ಕಳೂ ಇದ್ದರು ಅನ್ನೋದನ್ನೂ ಮರೆಯಬಾರದು. ಅಗ್ಗದ ರಸ್ತೆಯ ಬೆಲೆಯಲ್ಲಿ ಒಂದು ಪಾಲು ಅವರು ತೆತ್ತರು.

1816ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಆತ ಬ್ರಿಸ್ಟಲ್ ಟೋಲ್ ರಸ್ತೆಗಳ ಸರ್ವೇಯರ್ ಆದ. ಅದೇ ವರ್ಷ ತನ್ನ ವಿಧಾನವನ್ನೆಲ್ಲ ಬರೆದು ಪುಸ್ತಕವಾಗಿ ಅಚ್ಚು ಹಾಕಿಸಿದ. ಕಥೆ ತಿರುಗೋದು ಇಲ್ಲೇ. ಆಗ ಉಗಿ ಯಂತ್ರದಿಂದ ಹಿಡಿದು ನೂಲುವ ಯಂತ್ರದವರೆಗೆ ಎಲ್ಲಕ್ಕೂ ಪೇಟೆಂಟ್ ತಗೊಳ್ಳೋ ಕಾಲ. ಮೆಕಾಡಮ್ ತನ್ನ ರಸ್ತೆಗೆ ಪೇಟೆಂಟ್ ತಗೊಳ್ಳಲಿಲ್ಲ. ಪುಸ್ತಕಕ್ಕೆ ಬೆಲೆ ಇತ್ತು, ನಿಜ. ಆದರೆ ಓದಿದ ಯಾರೇ ಆಗಲಿ, ಅವನ ಅಪ್ಪಣೆ ಕೇಳದೆ ನಾಳೆಯೇ ರಸ್ತೆ ಮಾಡಬಹುದಿತ್ತು. 1819ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ನಿಂತು ಎಲ್ಲವನ್ನೂ ವಿವರಿಸಿದ, ಅದೂ ಅಚ್ಚಾಯಿತು. ಪುಸ್ತಕವನ್ನು ಹಿಗ್ಗಿಸಿ ಮತ್ತೆ ಮತ್ತೆ ಹೊರತಂದ. 1827ರ ಹೊತ್ತಿಗೆ ಅದು ಒಂಬತ್ತನೇ ಆವೃತ್ತಿಗೆ ಬಂದಿತ್ತು. ಅಷ್ಟರಲ್ಲಿ, 1823ರಲ್ಲೇ, ಅಮೆರಿಕದ ಮೇರಿಲ್ಯಾಂಡಿನಲ್ಲಿ ಅವನ ವಿಧಾನದ ರಸ್ತೆ ಎದ್ದಿತ್ತು.

ಬಿಚ್ಚಿಟ್ಟಿದ್ದಕ್ಕೆ ಆತ ಬೆಲೆ ತೆರಲೇಬೇಕಾಯಿತು. ಕೈಬಿಟ್ಟ ದುಡ್ಡಿಗಾಗಿ ಸಂಸತ್ತಿಗೆ ಅರ್ಜಿ ಹಾಕಬೇಕಾಯಿತು. ಅನುದಾನವೇನೋ ಸಿಕ್ಕಿತು, ಜೊತೆಗೆ ಟೀಕೆಯೂ ಬಂತು. ಇದರಲ್ಲಿ ಹೊಸದೇನಿದೆ ಅಂತ ಕೆಲವರು ಕೇಳಿದರು. ಮಕ್ಕಳೂ ಅದೇ ಕೆಲಸದಲ್ಲಿದ್ದದ್ದು ಕೆಲವರ ಕಣ್ಣು ಕುಕ್ಕಿತು. 1834ರಲ್ಲಿ ಸರ್ ಪದವಿ ಬಂದಾಗ ವಯಸ್ಸಾಯಿತು ಅಂತ ಬೇಡ ಅಂದ, ಅದು ಮಗ ಜೇಮ್ಸ್‌ಗೆ ಹೋಯಿತು. 1836ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಮೊಫಟ್ ಊರಿನಲ್ಲಿ ಕಣ್ಣುಮುಚ್ಚಿದ.

ಇನ್ನೊಂದು ವಿಷಯ ಗೊತ್ತಾ? ನಾವು ಓದೋ ಡಬ್ಲ್ಯೂಬಿಎಂ ಪೂರ್ತಿ ಅವನದಲ್ಲ. ಜಲ್ಲಿಯ ಸಂದಿಗೆ ಮಣ್ಣು ತುಂಬೋದನ್ನು ಆತ ಒಪ್ಪುತ್ತಿರಲಿಲ್ಲ. ಗಾಡಿಗಳ ಓಡಾಟಕ್ಕೇ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ ಅನ್ನೋದು ಅವನ ವಾದ. ನೀರು ಹಾಕಿ, ಪುಡಿ ತುಂಬಿ, ರೋಲರ್ ಓಡಿಸುವ ಪದ್ಧತಿ ಬೆಳೆಸಿದ್ದು ಬೇರೆಯವರು. ಯೌವನದಲ್ಲಿ ಕಲ್ಲಿದ್ದಲಿನ ಟಾರ್ ವ್ಯವಹಾರ ನಡೆಸಿದ್ದವನು ಆ ಟಾರನ್ನು ತನ್ನ ರಸ್ತೆಗೆ ಸುರಿಯಲಿಲ್ಲ. ಟಾರ್ಮ್ಯಾಕ್‌ಗೆ 1902ರಲ್ಲಿ ಪೇಟೆಂಟ್ ತಗೊಂಡದ್ದು ಎಡ್ಗರ್ ಹೂಲಿ, ಆದರೂ ಆ ಪದದ ಬಾಲದಲ್ಲಿ ಮೆಕಾಡಮ್ ಕೂತಿದ್ದಾನೆ. ಬಿಚ್ಚಿಟ್ಟ ವಿದ್ಯೆಯನ್ನು ಬೇರೆಯವರು ಎತ್ತಿಕೊಂಡರು, ತಪ್ಪು ತಿದ್ದಿದರು, ಅವನು ಬೇಡ ಅಂದದ್ದನ್ನೂ ಸೇರಿಸಿದರು. ಅದಕ್ಕೇ ಅದು ಉಳಿಯಿತು, ಹೆಸರೂ ಉಳಿಯಿತು.

ನಮ್ಮ ಕಡೆ ಏನಾಗುತ್ತೆ? ಬಿಸಿಲಲ್ಲಿ ನಿಂತು ಟ್ರಾಫಿಕ್ ಎಣಿಸ್ತೀವಿ, ಲ್ಯಾಬಿನಲ್ಲಿ ಸಿಬಿಆರ್ ರೀಡಿಂಗ್ ತಗೋತೀವಿ. ವೈವಾ ಮುಗಿದ ಮೇಲೆ ರಿಪೋರ್ಟಿಗೆ ಬೈಂಡಿಂಗ್ ಹಾಕಿಸಿ ಕಪಾಟಿಗೆ ತಳ್ತೀವಿ. ಮುಂದಿನ ಬ್ಯಾಚು ಅದೇ ರಸ್ತೆಯಲ್ಲಿ ನಿಂತು ಮತ್ತೆ ಒಂದರಿಂದ ಎಣಿಸುತ್ತೆ. ಪೇಪರಿಗೆ ದುಡ್ಡು ಕೇಳುವವರನ್ನು ಬೈಯೋಣ, ತಪ್ಪಿಲ್ಲ. ಅದಕ್ಕೂ ಮೊದಲು ನಮ್ಮ ರೀಡಿಂಗುಗಳನ್ನು, ಕೈಕೊಟ್ಟ ರೀಡಿಂಗುಗಳನ್ನೂ ಸೇರಿಸಿ, ಯಾರು ಬೇಕಾದರೂ ನೋಡುವ ಹಾಗೆ ಬಿಚ್ಚಿಡೋಣ. ನಾವು ಎಡವಿದ ಜಾಗ ನಮ್ಮ ಜೂನಿಯರ್‌ಗೆ ಮೊದಲೇ ಗೊತ್ತಿರಲಿ.