ಪೋರ್ಟ್ ನಂಬರ್‌ಗಳ ಶಾನುಭೋಗ: ಜಾನ್ ಪೋಸ್ಟೆಲ್

ಯಲಹಂಕದ ಹಾಸ್ಟೆಲ್‌ನಲ್ಲಿ ಕೂತು ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡ್ತೀವಿ. ಡೇಟಾ ಇಲ್ಲಿಂದ ಹೋಗತ್ತೆ, ಲೆಕ್ಕ ಅಲ್ಲಿ ನಡೆಯತ್ತೆ, ಉತ್ತರ ವಾಪಸ್ ಬರತ್ತೆ. ಆದರೆ ಸರ್ವರ್‌ನ ಯಾವ ಬಾಗಿಲು ತಟ್ಟಬೇಕು ಅಂತ ಕ್ಲೈಂಟ್‌ಗೆ ಹೇಗೆ ಗೊತ್ತು? ಪೋರ್ಟ್ 22 ಅಂತ ಮೊದಲೇ ತೀರ್ಮಾನ ಆಗಿದೆ. ಇಂಥ ನಂಬರ್‌ಗಳ ಪಟ್ಟಿಯನ್ನು ಕಾಲು ಶತಮಾನ ನೋಡಿಕೊಂಡವರು ಜಾನ್ ಪೋಸ್ಟೆಲ್.

ಹುಟ್ಟಿದ್ದು 1943ರ ಆಗಸ್ಟ್ 6, ಕ್ಯಾಲಿಫೋರ್ನಿಯಾದಲ್ಲಿ. ಓದಿದ್ದು ಯುಸಿಎಲ್‌ಎಯಲ್ಲಿ. 1969ರ ಅಕ್ಟೋಬರ್ 29ರ ರಾತ್ರಿ, ಅವರು ಕೆಲಸ ಮಾಡ್ತಿದ್ದ ಲ್ಯಾಬ್‌ನಿಂದಲೇ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರ್‌ಗೆ ಆರ್ಪಾನೆಟ್‌ನ ಮೊದಲ ಲಾಗಿನ್ ಪ್ರಯತ್ನ ನಡೆಯಿತು. ಚಾರ್ಲಿ ಕ್ಲೈನ್ ಎಲ್, ಓ ಅಂತ ಎರಡಕ್ಷರ ಒತ್ತುವಷ್ಟರಲ್ಲಿ ಆ ಕಡೆಯ ಸಿಸ್ಟಂ ಕ್ರ್ಯಾಶ್! ಸುಮಾರು ಒಂದು ಗಂಟೆ ಬಿಟ್ಟು ಕನೆಕ್ಷನ್ ಸಿಕ್ಕಿತು.

ಕೇಬಲ್ ಎಳೆದರೆ ಸಾಲದು, ಎರಡೂ ಕಡೆ ಒಂದೇ ಒಪ್ಪಂದ ಇರಬೇಕು. 1972ರಲ್ಲಿ ಪೋಸ್ಟೆಲ್, ಸೇವೆಗಳಿಗೆ ನಂಬರ್ ಹಂಚುವ ಕೆಲಸ ಒಬ್ಬರ ಕೈಲಿರಲಿ ಎಂದು ಸೂಚಿಸಿ ತಾವೇ ಅದನ್ನು ಹೊತ್ತುಕೊಂಡರು. ಆರ್‌ಎಫ್‌ಸಿಗಳ ಸಂಪಾದಕರೂ ಅವರೇ. 1982ರಲ್ಲಿ ಇಮೇಲ್‌ನ ಎಸ್‌ಎಂಟಿಪಿ ಬರೆದರು. 1983ರಲ್ಲಿ ಜಾಯ್ಸ್ ರೆನಾಲ್ಡ್ಸ್ ಜೊತೆ ಟೆಲ್‌ನೆಟ್. ಕಳಿಸುವಾಗ ಕಟ್ಟುನಿಟ್ಟು, ತಗೊಳ್ಳುವಾಗ ಉದಾರ: ಇದು ಅವರ ಡಿಸೈನ್ ನೀತಿ.

ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಬಯಲಲ್ಲೇ ಹೋಗ್ತಿತ್ತು. ಅದಕ್ಕೇ 1995ರಲ್ಲಿ ಫಿನ್‌ಲ್ಯಾಂಡಿನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ 21, ಟೆಲ್‌ನೆಟ್‌ನ 23ರ ನಡುವೆ ಖಾಲಿಯಿದ್ದ 22 ಕೊಡಿ ಎಂದು ಪೋಸ್ಟೆಲ್ ಕಚೇರಿಗೆ ಮೇಲ್ ಹಾಕಿದರು. ಮಾರನೇ ದಿನವೇ ಸಿಕ್ಕಿತು. ಅರ್ಜಿ ಹಿಡಿದು ಅಲೆದಾಟವಿಲ್ಲ, ಶಿಫಾರಸು ಇಲ್ಲ!

ಇಷ್ಟೆಲ್ಲ ನಡೀತಿದ್ದದ್ದು ಒಬ್ಬರ ಮೇಲಿನ ನಂಬಿಕೆಯಿಂದ. 1998ರ ಜನವರಿಯಲ್ಲಿ ಅದಕ್ಕೆ ಪರೀಕ್ಷೆ ಬಂತು. ಇಂಟರ್ನೆಟ್ ಯಾರ ಹಿಡಿತದಲ್ಲಿರಬೇಕು ಅನ್ನೋ ಜಗಳ ಜೋರಾಗಿದ್ದಾಗ, 8 ರೂಟ್ ಸರ್ವರ್‌ಗಳನ್ನು ನಡೆಸುವವರಿಗೆ ತಮ್ಮ ಕಡೆಯ ಸರ್ವರ್‌ನಿಂದ ಮಾಹಿತಿ ಪಡೆಯಿರಿ ಎಂದು ಪೋಸ್ಟೆಲ್ ಮೇಲ್ ಕಳಿಸಿದರು. ಅವರು ಹಾಗೇ ಮಾಡಿದರು! ಅಮೆರಿಕ ಸರ್ಕಾರ ಗರಂ ಆಯಿತು. ಅದೊಂದು ಪರೀಕ್ಷೆ ಎಂದು ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ಅದೇ ವರ್ಷ ಈ ಹೊಣೆ ಹೊರಲು ಐಕ್ಯಾನ್ ಸಂಸ್ಥೆ ಹುಟ್ಟಿತು. ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ, 55ನೇ ವಯಸ್ಸಿನಲ್ಲಿ ಪೋಸ್ಟೆಲ್ ತೀರಿಕೊಂಡರು.

ಯಶವಂತಪುರದ ಪಕ್ಕದ ಐಐಎಸ್‌ಸಿ, 1986ರಲ್ಲಿ ಶುರುವಾದ ಅರ್ನೆಟ್ ಜಾಲದ ಮೊದಲ ಎಂಟು ಸಂಸ್ಥೆಗಳಲ್ಲೊಂದು. ಇಂಟರ್ನೆಟ್ ಜೊತೆ ಆ ನಂಬರ್‌ಗಳೂ ನಮ್ಮೂರಿಗೆ ಬಂದವು. ನಿಮ್ಮ ಲಿನಕ್ಸ್‌ನ ಇಟಿಸಿ ಫೋಲ್ಡರ್‌ನಲ್ಲಿ ಸರ್ವೀಸಸ್ ಅನ್ನೋ ಫೈಲ್ ತೆಗೆದು ನೋಡಿ. ಸಾಲು ಸಾಲಾಗಿರೋ ಆ ಪಟ್ಟಿ, ಶಾನುಭೋಗರ ಲೆಕ್ಕದ ಪುಸ್ತಕದ ನಕಲೇ.