ಹರಿಹರದವರೆಗೆ ಹಳಿ ಹಾಕಿದ ದಿವಾನರು

ದಾವಣಗೆರೆಯಲ್ಲಿ ರೈಲು ಹತ್ತಿ ಕೈಯಲ್ಲಿರುವ ಪುಸ್ತಕದ ಒಂದು ಪ್ರಕರಣವನ್ನು ಮುಗಿಸುವಷ್ಟರಲ್ಲಿ ಹರಿಹರ ಬಂದುಬಿಡುತ್ತದೆ. ಇಷ್ಟು ಸುಗಮವಾದ ಈ ಹಾದಿಯ ಹಿಂದೆ ಒಂದು ಘೋರ ಕ್ಷಾಮದ ಸ್ಮರಣೆಯಿದೆ. ಅದನ್ನು ಮರೆಯದ ಒಬ್ಬ ಆಡಳಿತಗಾರರ ಹಟವೂ ಇದೆ. ಅವರೇ ದಿವಾನ್ ಕೆ. ಶೇಷಾದ್ರಿ ಅಯ್ಯರ್.

1845ರಲ್ಲಿ ಪಾಲಕ್ಕಾಡಿನ ಬಳಿ ಜನಿಸಿದ ಅವರು ಮದರಾಸಿನಲ್ಲಿ ಪದವಿ ಪಡೆದು 1868ರಲ್ಲಿ ಮೈಸೂರು ಸೇವೆಗೆ ಸೇರಿದರು. ಕರೆತಂದವರು ರಂಗಾಚಾರ್ಲು. ಎಂಟು ವರ್ಷಗಳಲ್ಲಿ ಕ್ಷಾಮ ಬಂದಿತು. 1876-78ರ ಆ ಕಾಲದಲ್ಲಿ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯ ಒಳನಾಡಿಗೆ ಹೋಗುವ ಬಗೆ ಕಾಣದೆ ನಿಂತಿತು. ಬಂಡಿ ಎಳೆಯುವ ಎತ್ತುಗಳೂ ಮೇವಿಲ್ಲದೆ ಸಾಯುತ್ತಿದ್ದವು. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಧಾನ್ಯವಿದ್ದೂ ಜನ ಸತ್ತರೆಂಬುದೇ ಆ ದುರಂತದ ಕ್ರೂರ ಮುಖ.

ರಂಗಾಚಾರ್ಲು ತೀರಿಕೊಂಡ 1883ರಲ್ಲಿ ದಿವಾನ್ ಪದವಿ ಶೇಷಾದ್ರಿ ಅಯ್ಯರ್ ಅವರಿಗೆ ಬಂದಿತು. ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ. ಬೊಕ್ಕಸದ ಮೇಲೆ ಕ್ಷಾಮದ 80 ಲಕ್ಷ ರೂಪಾಯಿ ಸಾಲವಿತ್ತು. ಮಿತವ್ಯಯಿಯಾದ ಬೇರೊಬ್ಬರಾಗಿದ್ದರೆ ರೈಲಿನ ಮಾತನ್ನೇ ಮುಂದೂಡುತ್ತಿದ್ದರು. ಇವರು 1884ರಲ್ಲಿ ತುಮಕೂರಿಗೆ ಹಳಿ ಮುಟ್ಟಿಸಿದರು. ಮುಂದಿನ ಕೆಲಸವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಿ 1889ರಲ್ಲಿ ಮಾರ್ಗವನ್ನು ಹರಿಹರಕ್ಕೆ ತಲುಪಿಸಿದರು. ತಮ್ಮ ನಾಡಿನ ರೈಲನ್ನು ಪರದೇಶದ ಕಂಪನಿಯ ಕೈಗಿಟ್ಟುದು ದುಬಾರಿಯ ವ್ಯವಹಾರವೆಂಬ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮತ್ತೊಂದು ಬರ ಬರುವ ಮುನ್ನ ಹಳಿ ಬೇಕಿತ್ತು.

ಹರಿಹರ ಅಂದು ಸಂಸ್ಥಾನದ ಅಂಚು. ಹೊಳೆಯಾಚೆ ಮುಂಬಯಿ ಪ್ರಾಂತ. ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಲ್ಲಿ ನಿಲ್ಲಿಸಿದ ಹೊಯ್ಸಳರ ಕಾಲದ ದೇಗುಲದ ಊರಿನಲ್ಲಿ ಎರಡು ಸೀಮೆಗಳೂ ಕೂಡಿಕೊಂಡುದು ಸಹಜವೇ ಎನ್ನಬೇಕು. ಹಿಂದಿನಿಂದಲೂ ವ್ಯಾಪಾರದ ಊರಾಗಿದ್ದ ದಾವಣಗೆರೆಗೆ ಅರಳೆಯನ್ನು ದೂರದ ಪೇಟೆಗಳಿಗೆ ಕಳುಹಿಸುವ ದಾರಿ ತೆರೆಯಿತು.

ಊರು ಕಟ್ಟುವ ಕಲೆಯಲ್ಲಿಯೂ ಅವರ ಕಾಲದ ಗುರುತುಗಳು ಉಳಿದಿವೆ. ಹರಿಹರಕ್ಕೆ ರೈಲು ಬಂದ ವರ್ಷವೇ ಲಾಲ್‌ಬಾಗಿನ ಗಾಜಿನ ಮನೆಗೆ ಶಂಕುಸ್ಥಾಪನೆಯಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ನುಗ್ಗಿದಾಗ ಹಳೆಯ ಪೇಟೆಯ ಇಕ್ಕಟ್ಟು ಸಾವಿನ ಮನೆಯಾಯಿತು. ಆಗ ಬಸವನಗುಡಿ, ಮಲ್ಲೇಶ್ವರಗಳು ನೇರ ಬೀದಿ, ಗಾಳಿಬೆಳಕಿನ ನಿವೇಶನ, ಮನೆಗಳ ಹಿಂದೆ ನೈರ್ಮಲ್ಯದ ಓಣಿಗಳೊಡನೆ ರೂಪುಗೊಂಡವು. ನಿವೇಶನಗಳನ್ನು ಜಾತಿವಾರು ವಿಂಗಡಿಸಿದ್ದು ಮಾತ್ರ ಆ ಅಚ್ಚುಕಟ್ಟಾದ ನಕ್ಷೆಯ ಮೇಲಿನ ಕಲೆ.

ಅವರು ಎಲ್ಲರಿಗೂ ಪ್ರಿಯರಾಗಿರಲಿಲ್ಲ. ವಿರೋಧವನ್ನು ಸಹಿಸುವ ಗುಣ ಕಡಮೆ. ಮದರಾಸಿನವರಿಗೆ ಹುದ್ದೆಗಳು ಹೋಗುತ್ತಿವೆ ಎಂಬ ಅಸಮಾಧಾನ ಅವರ ಆಳ್ವಿಕೆಯುದ್ದಕ್ಕೂ ಹೊಗೆಯಾಡಿತು. ಹದಿನೆಂಟು ವರ್ಷ ದುಡಿದು 1901ರ ಮಾರ್ಚಿನಲ್ಲಿ ನಿವೃತ್ತರಾದಾಗ ದೇಹ ಸೋತಿತ್ತು. ಅದೇ ಸೆಪ್ಟೆಂಬರ್ 13ರಂದು ನಿಧನರಾದರು. ಶಿವನಸಮುದ್ರದಲ್ಲಿ ಅವರು ಆರಂಭಿಸಿದ್ದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರ ಜೂನಿನಲ್ಲಿ.