ಸ್ವಾವಲಂಬನೆಯ ಲೆಕ್ಕಪತ್ರ: ಗಾಂಧೀಜಿಯವರ ಆಶ್ರಮಜೀವನ

ಮೋಹನದಾಸ ಕರಮಚಂದ ಗಾಂಧಿಯವರ (1869–1948) ಬದುಕನ್ನು ಸತ್ಯಾಗ್ರಹಗಳ ಅನುಕ್ರಮವಾಗಿ ನಿರೂಪಿಸುವುದು ವಾಡಿಕೆ. ಈ ಹೋರಾಟಗಳಿಗೆ ನೆಲೆ ಒದಗಿಸಿದ ಸಹಜೀವನದ ಪ್ರಯೋಗಗಳು, ಎಂದರೆ ಫೀನಿಕ್ಸ್, ಟಾಲ್‌ಸ್ಟಾಯ್ ಫಾರ್ಮ್, ಸಾಬರಮತಿ ಮತ್ತು ಸೇವಾಗ್ರಾಮಗಳು, ಇಂಥ ನಿರೂಪಣೆಯಲ್ಲಿ ಹಿನ್ನೆಲೆಗೆ ಸರಿಯುತ್ತವೆ. ಅವುಗಳ ಪ್ರಸ್ತಾಪ ಬಂದಾಗಲೂ ಸ್ವಾವಲಂಬನೆಯ ಆದರ್ಶ ಮಾದರಿಗಳೆಂದು ಕೊಂಡಾಡುವುದೇ ಹೆಚ್ಚು. ಬಾವಿ, ಅಡುಗೆಮನೆ, ಪಾಯಿಖಾನೆ ಮತ್ತು ಖರ್ಚಿನ ಪುಸ್ತಕಗಳ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಈ ನೆಲೆಗಳಲ್ಲಿ ಯಾವುದೂ ಪೂರ್ಣಾರ್ಥದಲ್ಲಿ ಸ್ವಾವಲಂಬಿಯಾಗಿರಲಿಲ್ಲ. ತಾವು ಯಾರನ್ನು, ಎಷ್ಟರಮಟ್ಟಿಗೆ ಅವಲಂಬಿಸಿದ್ದೇವೆ ಎಂಬುದನ್ನು ಅರಿಯುವ ಸಾಧನವಾಗಿಯೇ ಗಾಂಧೀಜಿ ಅವುಗಳನ್ನು ಬಳಸಿದರೆಂಬುದನ್ನು ಅವರ ಜೀವನಕ್ರಮದ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

ಪೋರಬಂದರಿನಲ್ಲಿ ದಿವಾನರ ಮನೆತನದಲ್ಲಿ ಹುಟ್ಟಿದ ಗಾಂಧೀಜಿ 1891ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರರಾಗಿ, 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ತೆರಳಿದರು. ಕೈಯಿಂದ ದುಡಿಯುವ ಬದುಕು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟಾಗ ಗೆಳೆಯ ಹೆನ್ರಿ ಪೋಲಕ್ ಕೊಟ್ಟ ರಸ್ಕಿನ್ನರ 'ಅನ್‌ಟು ದಿಸ್ ಲಾಸ್ಟ್' ಗ್ರಂಥವನ್ನು ರೈಲಿನಲ್ಲೇ ಓದಿ ಮುಗಿಸಿದ ಅವರು, ನಷ್ಟದಲ್ಲಿದ್ದ 'ಇಂಡಿಯನ್ ಒಪಿನಿಯನ್' ಪತ್ರಿಕೆಯ ಮುದ್ರಣಾಲಯವನ್ನು ಹೊಲವೊಂದಕ್ಕೆ ಸಾಗಿಸಲು ನಿರ್ಧರಿಸಿದರು. ಡರ್ಬನ್ನಿನಿಂದ ಸುಮಾರು 14 ಮೈಲಿ ದೂರದ ಫೀನಿಕ್ಸಿನಲ್ಲಿ 1000 ಪೌಂಡುಗಳಿಗೆ 100 ಎಕರೆ ಭೂಮಿಯನ್ನು ಕೊಳ್ಳಲಾಯಿತು. ಎಲ್ಲರಿಗೂ ತಿಂಗಳಿಗೆ 3 ಪೌಂಡು, ನೆಲೆಸಿದವರಿಗೆ ಮೂರು ಮೂರು ಎಕರೆ ಎಂಬ ವ್ಯವಸ್ಥೆ ಏರ್ಪಟ್ಟಿತು.

ಆದರ್ಶಕ್ಕೂ ನೆಲಕ್ಕೂ ಇದ್ದ ಅಂತರ ಮೊದಲ ದಿನಗಳಲ್ಲೇ ಪ್ರಕಟವಾಯಿತು. ಹುಲ್ಲು ಹೊದಿಸಿದ ಮಣ್ಣಿನ ಗುಡಿಸಲುಗಳನ್ನು ಬಯಸಿದ್ದವರು, ಹೆಚ್ಚು ಹಣವೂ ಸಮಯವೂ ಬೇಕಾದೀತೆಂದು ತಗಡಿನ ಮನೆಗಳನ್ನೇ ಕಟ್ಟಿಕೊಳ್ಳಬೇಕಾಯಿತು. ಮುದ್ರಣಾಲಯದ ಕಟ್ಟಡಕ್ಕೆ ಬೇಕಾದ ತಗಡು ಮತ್ತಿತರ ಸಾಮಗ್ರಿಯನ್ನು ಒದಗಿಸಿದವರು ವ್ಯಾಪಾರಿ ಪಾರ್ಸಿ ರುಸ್ತುಂಜಿಯವರು. ಪತ್ರಿಕೆಯ ಮೊದಲ ಸಂಚಿಕೆ ಅಚ್ಚಾಗಬೇಕಾದ ರಾತ್ರಿ ಎಣ್ಣೆಯ ಎಂಜಿನ್ನು ಕೈಕೊಟ್ಟಿತು. ಮುಂದಾಲೋಚನೆಯಿಂದ ಇರಿಸಿಕೊಂಡಿದ್ದ ಕೈಚಕ್ರವನ್ನು ತಿರುಗಿಸಲು ಅಲ್ಲೇ ಮಲಗಿದ್ದ ಬಡಗಿಗಳನ್ನು ಎಬ್ಬಿಸಬೇಕಾಯಿತು. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಗಾಂಧೀಜಿಯವರ ವಕೀಲಿಯ ಸಂಪಾದನೆ ಈ ಪತ್ರಿಕೆಗೆ ಹರಿದುಹೋಗುತ್ತಿತ್ತು. ಅದನ್ನು ಗಳಿಸಲು ಅವರು ಜೊಹಾನ್ಸ್‌ಬರ್ಗಿನಲ್ಲೇ ಉಳಿಯಬೇಕಾಯಿತು. ತಾವು ಸ್ಥಾಪಿಸಿದ ನೆಲೆಯಲ್ಲಿ ತಾವೇ ನೆಲೆಸಲಾಗದ ಕೊರಗು ಅವರ ಆತ್ಮಕಥೆಯಲ್ಲಿ ದಾಖಲಾಗಿದೆ. ಹಳ್ಳಿಯ ಬದುಕಿನ ಪ್ರಯೋಗವು ನಗರದ ನ್ಯಾಯಾಲಯದ ಶುಲ್ಕವನ್ನು ಆಧರಿಸಿತ್ತು.

ಎರಡನೆಯ ನೆಲೆ ಹುಟ್ಟಿದ್ದು ಹೋರಾಟದ ಒತ್ತಡದಿಂದ. ಸೆರೆಮನೆ ಸೇರಿದ ಸತ್ಯಾಗ್ರಹಿಗಳ ಕುಟುಂಬಗಳಿಗೆ ಪ್ರತ್ಯೇಕವಾಗಿ ನಗದು ನೆರವು ನೀಡುವುದು ಕಷ್ಟವಾದಾಗ, 1910ರಲ್ಲಿ ವಾಸ್ತುಶಿಲ್ಪಿ ಹರ್ಮನ್ ಕಾಲನ್‌ಬಾಖ್ ತಮ್ಮ 1100 ಎಕರೆ ಭೂಮಿಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಜೊಹಾನ್ಸ್‌ಬರ್ಗಿನಿಂದ 21 ಮೈಲಿ ದೂರದ ಆ ಜಾಗದಲ್ಲಿ ಸುಮಾರು ಸಾವಿರ ಹಣ್ಣಿನ ಮರಗಳು, ಎರಡು ಬಾವಿಗಳು, ಒಂದು ಊಟೆ ಮತ್ತು ಒಂದು ಸಣ್ಣ ಮನೆ ಇದ್ದವು. ಗುಜರಾತಿ, ತಮಿಳು, ತೆಲುಗು ಮತ್ತು ಹಿಂದಿ ಭಾಷಿಕರು, ಹಿಂದೂ, ಮುಸ್ಲಿಂ, ಪಾರ್ಸಿ ಮತ್ತು ಕ್ರೈಸ್ತರು ಒಂದೆಡೆ ಬಾಳಬೇಕಾಗಿತ್ತು. ಎಲ್ಲರಿಗೂ ಒಂದೇ ಅಡುಗೆ ಎಂಬುದು ಮಿತವ್ಯಯದ ಪ್ರಶ್ನೆಯಾಗಿದ್ದಂತೆ ಧರ್ಮಸೂಕ್ಷ್ಮದ ಪ್ರಶ್ನೆಯೂ ಆಗಿತ್ತು. ಮಾಂಸಾಹಾರಿಗಳಾದ ಕ್ರೈಸ್ತ ಮತ್ತು ಮುಸ್ಲಿಂ ಸ್ತ್ರೀಯರ ಒಪ್ಪಿಗೆ ಪಡೆದ ಮೇಲೆಯೇ ಸಸ್ಯಾಹಾರದ ಒಂದೇ ಅಡುಗೆಮನೆ ಜಾರಿಗೆ ಬಂದಿತು. ಕಾಲನ್‌ಬಾಖ್ ಟ್ರ್ಯಾಪಿಸ್ಟ್ ಸಂನ್ಯಾಸಿಗಳ ಮಠದಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತುಬಂದು ಇತರರಿಗೆ ಕಲಿಸಿದರು. ಮಲವನ್ನು ಗುಂಡಿಗಳಲ್ಲಿ ಹೂತು ಗೊಬ್ಬರ ಮಾಡಲಾಯಿತು. ಸ್ವಂತ ಕೆಲಸಕ್ಕಾಗಿ ನಗರಕ್ಕೆ ಹೋಗುವವರು ನಡೆದೇ ಹೋಗಬೇಕೆಂಬ ನಿಯಮವಿದ್ದುದರಿಂದ ನಸುಕಿನ ಎರಡು ಗಂಟೆಗೇ ಹೊರಡುವವರಿದ್ದರು.

ಈ ಶ್ರಮಕ್ಕೆ ತೆತ್ತ ಬೆಲೆಯೂ ಗಮನಾರ್ಹವಾಗಿದೆ. ಬೆಳಗ್ಗೆ ಹೊಲದಲ್ಲಿ ದುಡಿದ ಮಕ್ಕಳು ಮಧ್ಯಾಹ್ನ ಊಟವಾದ ಮೇಲೆ ಪಾಠದ ವೇಳೆ ತೂಕಡಿಸುತ್ತಿದ್ದರು. ಪಾಠ ಹೇಳುತ್ತಿದ್ದ ಗಾಂಧೀಜಿಯೂ ದಣಿದಿರುತ್ತಿದ್ದರು. ಶರೀರಶ್ರಮ ಮತ್ತು ವಿದ್ಯೆಗಳು ಪರಸ್ಪರ ಪೂರಕವೆಂಬ ಅವರ ನಂಬಿಕೆಗೆ ದಿನದ ಗಂಟೆಗಳೇ ಸವಾಲೊಡ್ಡಿದವು. ಹೋರಾಟದ ನಿಧಿಗೆ ರತನ್ ಟಾಟಾ (1871–1918) ಅವರು ನೀಡಿದ 25,000 ರೂಪಾಯಿಗಳ ನೆರವನ್ನೂ ಇಲ್ಲಿ ನೆನೆಯಬೇಕು. ಭೂಮಿ ಗೆಳೆಯನದು, ಹಣ ದಾನಿಗಳದು, ಶ್ರಮ ಮಾತ್ರ ನಿವಾಸಿಗಳದು ಎಂಬುದು ಅಲ್ಲಿನ ವಾಸ್ತವವಾಗಿತ್ತು.

ಭಾರತಕ್ಕೆ ಮರಳಿದ ಗಾಂಧೀಜಿ 1915ರ ಮೇ 25ರಂದು ಅಹಮದಾಬಾದಿನ ಕೋಚರಬದಲ್ಲಿ ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದರು. ಕೆಲವೇ ತಿಂಗಳಲ್ಲಿ ಅಸ್ಪೃಶ್ಯರೆನಿಸಿದ್ದ ದೂದಾಭಾಯಿ, ಅವರ ಪತ್ನಿ ದಾನೀಬೆನ್ ಮತ್ತು ಮಗಳು ಲಕ್ಷ್ಮಿ ಆಶ್ರಮ ಸೇರಿದಾಗ ಪರೀಕ್ಷೆಯ ಕಾಲ ಬಂದಿತು. ಬಾವಿಯಲ್ಲಿ ನೀರೆತ್ತುವ ಹೊಣೆ ಹೊತ್ತಿದ್ದವನು ಮೈಲಿಗೆಯ ನೆಪದಿಂದ ನಿಂದಿಸತೊಡಗಿದ. ದಾನಿಗಳು ಕೈಬಿಟ್ಟರು. ಕಸ್ತೂರಬಾ ಅವರನ್ನೂ ಒಳಗೊಂಡು ಆಶ್ರಮದ ಸ್ತ್ರೀಯರಲ್ಲೇ ಅಸಮಾಧಾನವಿತ್ತು. ಮುಂದಿನ ತಿಂಗಳಿಗೆ ಹಣವಿಲ್ಲವೆಂದು ವ್ಯವಸ್ಥಾಪಕ ಮಗನ್‌ಲಾಲ್ ಗಾಂಧಿ ತಿಳಿಸಿದಾಗ, ಅಸ್ಪೃಶ್ಯರ ಕೇರಿಗೇ ಹೋಗಿ ಕೂಲಿಯಿಂದ ಜೀವಿಸಲು ಗಾಂಧೀಜಿ ಸಿದ್ಧರಾದರು. ಅಷ್ಟರಲ್ಲಿ ಗಿರಣಿಯ ಒಡೆಯ ಅಂಬಾಲಾಲ್ ಸಾರಾಭಾಯಿ 13,000 ರೂಪಾಯಿಗಳನ್ನು ನೀಡಿದ್ದರಿಂದ ಆ ಸ್ಥಳಾಂತರ ನಡೆಯಲಿಲ್ಲ. ಜಾತಿಯನ್ನು ಮುಟ್ಟದ ಸಹಜೀವನಕ್ಕೆ ಸಮಾಜದ ನೆರವು ಸುಲಭವಾಗಿ ಸಿಗುತ್ತಿತ್ತು. ಅದನ್ನು ಮುಟ್ಟಿದೊಡನೆ ನೀರು ಮತ್ತು ಹಣಗಳೆರಡಕ್ಕೂ ಅಡ್ಡಿಯಾಯಿತು. ಹಳ್ಳಿಯಲ್ಲಿ ಬಾವಿಯು ಕೇವಲ ಜಲಮೂಲವಲ್ಲ, ಅಧಿಕಾರದ ನೆಲೆಯೂ ಹೌದೆಂಬುದನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ.

1917ರಲ್ಲಿ ಕೋಚರಬದಲ್ಲಿ ಪ್ಲೇಗು ಕಾಣಿಸಿಕೊಂಡಾಗ ಆಶ್ರಮವು ಸಾಬರಮತಿ ತೀರಕ್ಕೆ ಸ್ಥಳಾಂತರಗೊಂಡಿತು. ನಲವತ್ತಕ್ಕೂ ಮಿಕ್ಕ ಜನ ಮೊದಲು ವಾಸಿಸಿದ್ದು ಡೇರೆಗಳಲ್ಲಿ. ಬಟ್ಟೆಯ ವಿಷಯದಲ್ಲಿ ನಡೆದ ಪ್ರಯೋಗ ಈ ಲೇಖನದ ವಾದಕ್ಕೆ ಅತ್ಯಂತ ಪ್ರಸ್ತುತವಾದುದು. ಆಶ್ರಮವಾಸಿಗಳು ಮೊದಲು ಮಗ್ಗ ಹಾಕಿ ನೇಯ್ಗೆ ಕಲಿತರು. ಆದರೆ ನೂಲು ಗಿರಣಿಯದಾಗಿದ್ದುದರಿಂದ ತಾವು ಗಿರಣಿಗಳ ದಲ್ಲಾಳಿಗಳಾಗಿದ್ದೇವೆ ಎಂಬುದು ಅರಿವಾಯಿತು. ಗಂಗಾಬೆನ್ ಮಜುಮದಾರ್ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಚರಕಗಳನ್ನು ಹುಡುಕಿದರು. ನೂಲಲು ಬೇಕಾದ ಹಂಜಿ ಮುಂಬಯಿಯ ಉಮರ್ ಸೋಬಾನಿಯವರ ಗಿರಣಿಯಿಂದ ಬಂದಿತು. ಗಿರಣಿಯ ಹಂಜಿಯನ್ನು ಒಪ್ಪುವುದಾದರೆ ಗಿರಣಿಯ ನೂಲಿಗೇಕೆ ಆಕ್ಷೇಪ ಎಂಬ ಪ್ರಶ್ನೆ ಎದ್ದಾಗ, ಅರಳೆ ಹಿಂಜುವವನೊಬ್ಬನನ್ನು ಸಂಬಳಕ್ಕೆ ಗೊತ್ತುಮಾಡಲಾಯಿತು. ಬಳಿಕ ಅರಳೆಯನ್ನು ಬೇಡಿ ತರಬೇಕಾಯಿತು. ಹೀಗೆ ಒಂದು ಅವಲಂಬನೆಯನ್ನು ಕಳಚಿದರೆ ಅದರ ಹಿಂದಿನ ಮತ್ತೊಂದು ಗೋಚರಿಸುತ್ತಿತ್ತು. ಆಶ್ರಮದ ಮೊದಲ ಖಾದಿಗೆ ಗಜಕ್ಕೆ 17 ಆಣೆ ತಗುಲಿತು. ಆ ದುಬಾರಿ ದರವನ್ನು ಮರೆಮಾಚದೆ ಗಾಂಧೀಜಿ ತಮ್ಮ ಮಿತ್ರರಿಗೆ ಅದನ್ನೇ ಶಿಫಾರಸು ಮಾಡಿದರು.

1933ರಲ್ಲಿ ಅವರು ಸಾಬರಮತಿ ಆಶ್ರಮವನ್ನು ವಿಸರ್ಜಿಸಿದರು. 1936ರಲ್ಲಿ ವಾರ್ಧಾ ಸಮೀಪದ ಸೇಗಾಂವ್ ಎಂಬ ಹಳ್ಳಿಯಲ್ಲಿ, ಜಮ್ನಾಲಾಲ್ ಬಜಾಜರಿಗೆ ಸೇರಿದ ನೆಲದಲ್ಲಿ ವಾಸ್ತವ್ಯ ಹೂಡಿದರು. 1940ರಲ್ಲಿ ಅದಕ್ಕೆ ಸೇವಾಗ್ರಾಮವೆಂಬ ಹೆಸರಾಯಿತು. ಹಿಂದಿನ ಮೂರು ನೆಲೆಗಳು ಊರಿನಿಂದ ಪ್ರತ್ಯೇಕವಾಗಿದ್ದವು. ಇಲ್ಲಿ ಅವರ ಇಚ್ಛೆ ಇದ್ದದ್ದು ಇನ್ನೊಂದು ಆಶ್ರಮ ಕಟ್ಟುವುದಲ್ಲ, ಹಳ್ಳಿಗರ ನಡುವೆ ಒಬ್ಬಂಟಿಯಾಗಿ ಬಾಳುವುದು. ಆದರೆ ಅನುಯಾಯಿಗಳು, ರೋಗಿಗಳು ಮತ್ತು ಸಂದರ್ಶಕರು ನೆರೆದು ಅದೂ ಆಶ್ರಮವೇ ಆಯಿತು. ಹೊರಗಿನಿಂದ ಬಂದವರ ಸಂಖ್ಯೆ ಬೆಳೆದಂತೆ ಹಳ್ಳಿ ಮತ್ತು ಆಶ್ರಮಗಳ ನಡುವೆ ಮತ್ತೆ ಗೆರೆ ಮೂಡಿತು. 1946ರಲ್ಲಿ ಸೇವಾಗ್ರಾಮವನ್ನು ಬಿಟ್ಟ ಗಾಂಧೀಜಿ ಮರಳಿ ಬರಲಾಗಲಿಲ್ಲ. 1948ರ ಜನವರಿ 30ರಂದು ಅವರು ಹತರಾದದ್ದು ದೆಹಲಿಯಲ್ಲಿ, ಉದ್ಯಮಿಯೊಬ್ಬರ ನಿವಾಸದ ಆವರಣದಲ್ಲಿ.

ಈ ವಿವರಗಳನ್ನು ವೈಫಲ್ಯದ ಪಟ್ಟಿಯಾಗಿ ಓದಬೇಕಾಗಿಲ್ಲ. ಅವುಗಳಲ್ಲಿ ಬಹುಪಾಲನ್ನು ದಾಖಲಿಸಿದವರು ಸ್ವತಃ ಗಾಂಧೀಜಿಯವರೇ ಎಂಬುದು ಮುಖ್ಯ. ಕಾಯಕ ಮತ್ತು ದಾಸೋಹಗಳನ್ನು ಒಟ್ಟಿಗೆ ಚಿಂತಿಸಿದ ಪರಂಪರೆಯುಳ್ಳ ಕನ್ನಡದ ಓದುಗರಿಗೆ, ದುಡಿಮೆ ಮತ್ತು ದಾನಗಳ ನಡುವಣ ಈ ಬಿಕ್ಕಟ್ಟು ಅಪರಿಚಿತವೇನಲ್ಲ. ಕರ್ನಾಟಕದ ಗಾಂಧಿಯೆಂದು ಹೆಸರಾದ ಹರ್ಡೇಕರ ಮಂಜಪ್ಪನವರ ಆಲಮಟ್ಟಿಯ ಆಶ್ರಮಜೀವನವನ್ನೂ ಇದೇ ಬಗೆಯಲ್ಲಿ, ಆದರ್ಶದ ಜೊತೆಗೆ ಖರ್ಚುವೆಚ್ಚದ ಕಡೆಯಿಂದಲೂ ಅಧ್ಯಯನ ಮಾಡುವುದು ಉಪಯುಕ್ತವಾದೀತು. ನೀರು ಯಾರ ಬಾವಿಯದು, ಹಂಜಿ ಯಾವ ಗಿರಣಿಯದು ಎಂದು ಕೇಳದ ಸ್ವಾವಲಂಬನೆಯ ಚರ್ಚೆ ಅಪೂರ್ಣವಾಗಿಯೇ ಉಳಿಯುತ್ತದೆ.